ಅಚ್ಚಿನ ಗುರುತೋ, ಬಿಲ್ಲೆಯ ಗುರುತೋ: ಅಪರೂಪದ ನಾಣ್ಯದ ಬಗ್ಗೆ ವಾದಕ್ಕಿಳಿಯುವ ಮುನ್ನ

ತುಂಗಭದ್ರೆಯ ಎರಡೂ ದಂಡೆಯ ಊರುಗಳಲ್ಲಿ ಹಳೇ ನಾಣ್ಯಕ್ಕೆ ಬರವಿಲ್ಲ. ಆನೆಗೊಂದಿ, ಕಂಪ್ಲಿ ಕಡೆ ವಿಜಯನಗರದ ತಾಮ್ರದ ಕಾಸು. ರಾಯಚೂರು, ಕೊಪ್ಪಳದ ಹಳೇ ಮನೆಗಳ ಟ್ರಂಕಿನಲ್ಲಿ ನಿಜಾಮರ ಚಾರ್‌ಮಿನಾರ್ ರೂಪಾಯಿ. ಬಳ್ಳಾರಿ ಸೀಮೆ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋದ ಮೇಲೆ ಬಂದ ಮದ್ರಾಸಿನ ಕಾಸು. ಇವುಗಳ ನಡುವೆ ಅಲ್ಲಲ್ಲಿ ಟಿಪ್ಪುವಿನ ಆನೆ ಪೈಸೆ. ನಾಣ್ಯ ಸಿಗುವುದೇನೂ ದೊಡ್ಡ ಮಾತಲ್ಲ. "ಇದು ಬೇರೆ ಥರದ್ದು, ಇಂಥದ್ದು ಎಲ್ಲೂ ಇಲ್ಲ" ಎಂದು ಯಾರಾದರೂ ಅಂದಾಗ ತಕರಾರು ಶುರುವಾಗುತ್ತದೆ. ಒಬ್ಬರು ಹೊಸ ಬಗೆ ಅನ್ನುತ್ತಾರೆ, ಇನ್ನೊಬ್ಬರು ನಕಲಿ ಅನ್ನುತ್ತಾರೆ, ಮೂರನೆಯವರು ಹಂಪಿಯಲ್ಲೇ ಟಂಕಿಸಿದ್ದು ಅನ್ನುತ್ತಾರೆ. ಸಂಜೆಯಾದರೂ ವಾದ ಹೊರಟಲ್ಲೇ ನಿಂತಿರುತ್ತದೆ.

ಹಾಗಾಗುವುದಕ್ಕೆ ಕಾರಣ, ನಾಣ್ಯದ ಮೇಲಿನ ಗುರುತು ಎಲ್ಲಿಂದ ಬಂತು ಎಂದು ಯಾರೂ ಮೊದಲು ಕೇಳದಿರುವುದು. ಪ್ರತಿ ಗೆರೆ, ಚುಕ್ಕೆ, ಹಳ್ಳ ನಾಲ್ಕು ಕಡೆಗಳಲ್ಲಿ ಒಂದರಿಂದ ಬಂದಿರುತ್ತದೆ: ಟಂಕಸಾಲೆಯ ಅಚ್ಚಿನಿಂದ, ಅಚ್ಚಿನಡಿ ಇಟ್ಟ ಲೋಹದ ಬಿಲ್ಲೆಯಿಂದ, ಮಣ್ಣು ನೀರು ಬಳಕೆಯಿಂದ, ಇಲ್ಲವೇ ಇತ್ತೀಚಿನ ಯಾರದೋ ಕೈಯಿಂದ. ಹೊಸ ಬಗೆ ಎನ್ನಿಸಿಕೊಳ್ಳುವ ಹಕ್ಕು ಅಚ್ಚಿನಿಂದ ಬಂದ ಗುರುತಿಗೆ ಮಾತ್ರ ಇದೆ. ಉಳಿದ ಮೂರು ಆ ಒಂದು ನಾಣ್ಯದ ಹಣೆಬರಹ ಅಷ್ಟೆ. ಮುಂದೆ ಹೇಳುವುದೆಲ್ಲ ಈ ನಾಲ್ಕನ್ನು ಬೇರೆ ಬೇರೆ ಮಾಡುವ ಕೆಲಸವೇ.

ಮೊದಲು ತೊಳೆಯುವುದನ್ನು ನಿಲ್ಲಿಸಿ

ನಮ್ಮ ಕಡೆ ಹಳೇ ತಾಮ್ರ ಕಂಡ ಕೂಡಲೇ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ಬಿಂದಿಗೆಗೆ ಅದು ಸರಿ, ನಾಣ್ಯಕ್ಕೆ ಅಲ್ಲ. ಹುಣಸೆ, ನಿಂಬೆ, ಪಾತ್ರೆ ಬೆಳಗುವ ಪುಡಿ, ಎಲ್ಲದರಲ್ಲೂ ಹುಳಿ ಇಲ್ಲವೇ ಮರಳಿನಂಥ ಉಜ್ಜುವ ಪದಾರ್ಥ ಇರುತ್ತದೆ. ತಾಮ್ರದ ಮೇಲೆ ಶತಮಾನಗಳಲ್ಲಿ ಕಟ್ಟಿದ ಪದರ ಹತ್ತು ನಿಮಿಷದಲ್ಲಿ ಕರಗಿ ಹೋಗುತ್ತದೆ, ನಾಣ್ಯ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಸಲಿಯೋ ನಕಲಿಯೋ ಎಂದು ಹೇಳುವ ಸಾಕ್ಷಿಯಲ್ಲಿ ಅರ್ಧದಷ್ಟು ಆ ಪದರದಲ್ಲೇ ಇತ್ತು.

ಏನು ಸಾಕ್ಷಿ ಎಂದರೆ: ನೆಲದಲ್ಲಿ ಬಹುಕಾಲ ಇದ್ದ ತಾಮ್ರದಲ್ಲಿ ಲೋಹದ ಮೇಲೆ ಮೊದಲು ಇಟ್ಟಿಗೆ ಕೆಂಪಿನ ತೆಳು ಪದರ, ಅದರ ಮೇಲೆ ಹಸಿರು ಅಥವಾ ಕಪ್ಪು ಹಸಿರು. ಅಂಚಿನಲ್ಲಿ ಎಲ್ಲಾದರೂ ಹಸಿರು ಚೂರು ಎದ್ದಿದ್ದರೆ 10 ಪಟ್ಟು ಲೆನ್ಸಿನಡಿ ಅಲ್ಲಿ ನೋಡಿ. ಹಸಿರಿನ ಕೆಳಗೆ ಕೆಂಪು ಕಂಡರೆ ಒಳ್ಳೆಯ ಲಕ್ಷಣ. ಹಸಿರಿನ ಕೆಳಗೆ ನೇರವಾಗಿ ಹೊಳೆಯುವ ಹೊಸ ತಾಮ್ರ ಅಥವಾ ಹಿತ್ತಾಳೆ ಕಂಡರೆ ಅನುಮಾನ ಪಡಬೇಕು. ನವಸಾಗರ, ವಿನೆಗರ್ ಹಚ್ಚಿ ವಾರದಲ್ಲಿ ಬರಿಸಿದ ಹಸಿರು ಪುಡಿಪುಡಿಯಾಗಿ ಒಂದೇ ಬಣ್ಣದಲ್ಲಿರುತ್ತದೆ, ಉಗುರು ತಾಗಿದರೆ ಉದುರುತ್ತದೆ. ಬಣ್ಣವನ್ನೇ ಬಳಿದಿದ್ದರೆ ಅಸಿಟೋನ್ ಅದ್ದಿದ ಹತ್ತಿಗೆ ಅಂಟಿಕೊಳ್ಳುತ್ತದೆ. ನಿಜವಾದ ಕಿಲುಬು ಅಸಿಟೋನಿಗೆ ಜಗ್ಗುವುದಿಲ್ಲ.

ಮಣ್ಣೂ ಮಾತಾಡುತ್ತದೆ, ಆದರೆ ಅದರ ಮಾತನ್ನು ಪೂರ್ತಿ ನಂಬಬೇಡಿ. ಸಿರುಗುಪ್ಪ, ಸಿಂಧನೂರು ಕಡೆಯ ಎರೆ ಮಣ್ಣು ಅಕ್ಷರದ ಸಂದಿಯಲ್ಲಿ ಕಪ್ಪಗೆ ಗಟ್ಟಿಯಾಗಿ ಕೂತಿರುತ್ತದೆ. ಸಂಡೂರು ಕಡೆಯದು ಕೆಂಪು. ಮಾರುವವರು ಹೇಳಿದ ಊರಿಗೂ ಮಣ್ಣಿನ ಬಣ್ಣಕ್ಕೂ ತಾಳೆ ಬೀಳದಿದ್ದರೆ ಒಂದು ಪ್ರಶ್ನೆ ಏಳುತ್ತದೆ. ತಾಳೆ ಬಿದ್ದರೆ ಏನೂ ಸಾಬೀತಾಗುವುದಿಲ್ಲ. ಮಣ್ಣನ್ನು ಯಾರು ಬೇಕಾದರೂ ಮೆತ್ತಬಹುದು. ಮೆತ್ತಿದ ಮಣ್ಣು ಬಟ್ಟಿ ಇಳಿಸಿದ ನೀರಿನಲ್ಲಿ ಐದು ನಿಮಿಷ ಇಟ್ಟರೆ ಬಿಟ್ಟುಹೋಗುತ್ತದೆ. ಕಿಲುಬಿನ ಜೊತೆ ಬೆಳೆದ ಮಣ್ಣು ಹಾಗೆ ಬಿಡುವುದಿಲ್ಲ. ನಾಣ್ಯಕ್ಕೆ ಮಾಡಬಹುದಾದ ಸ್ನಾನ ಇದೊಂದೇ. ನಮ್ಮ ಬೋರ್‌ವೆಲ್ ನೀರು ಬೇಡ, ಅದರ ಉಪ್ಪು ಹೊಸ ರೋಗ ತರುತ್ತದೆ.

ತಕ್ಕಡಿ ಮತ್ತು ನೀರಿನ ಲೋಟ

ಬೇಕಾದ ಸಾಮಾನು ಕಡಿಮೆ. 10 ಪಟ್ಟು ಲೆನ್ಸು, 0.01 ಗ್ರಾಂ ತೋರಿಸುವ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಸಣ್ಣ ನಿಯೋಡಿಮಿಯಮ್ ಅಯಸ್ಕಾಂತ, ಬಟ್ಟಿ ಇಳಿಸಿದ ನೀರು, ನೈಲಾನ್ ದಾರ. ಬಂಗಾರದ ಸಣ್ಣ ನಾಣ್ಯ ನೋಡುವುದಿದ್ದರೆ 0.001 ಗ್ರಾಮಿನ ತಕ್ಕಡಿ ಬೇಕು. ಯಾಕೆ ಬೇಕು ಎಂಬುದು ಮುಂದೆ ಲೆಕ್ಕ ಮಾಡಿದರೆ ತಿಳಿಯುತ್ತದೆ.

ಲೋಟಕ್ಕೆ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಒಣ ನಾಣ್ಯದ ತೂಕ ಮೊದಲೇ ಬರೆದಿಟ್ಟುಕೊಂಡಿರಿ. ನಾಣ್ಯವನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೂ ಗೋಡೆಗೂ ತಾಗಬಾರದು. ಆಗ ತಕ್ಕಡಿ ತೋರಿಸುವ ಅಂಕಿಯೇ ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಬಂತು. ಗುಳ್ಳೆ ಅಂಟಿದರೆ ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ. ಬೇಸಿಗೆಯ ಬಿಸಿ ನೀರಿನಿಂದ ಬರುವ ವ್ಯತ್ಯಾಸ ನೂರಕ್ಕೆ ಒಂದರಷ್ಟೂ ಇಲ್ಲ, ಅದರ ಚಿಂತೆ ಬೇಡ.

ವಿಜಯನಗರದ ಬಂಗಾರದ ನಾಣ್ಯ ವರಹ ಸುಮಾರು 3.4 ಗ್ರಾಂ, ಅರ್ಧ ವರಹವಾದ ಪ್ರತಾಪ 1.7 ಗ್ರಾಂ. 3.40 ಗ್ರಾಮಿನ ವರಹ 22 ಕ್ಯಾರೆಟ್ ಆಸುಪಾಸಿನದಾಗಿದ್ದರೆ ಸರಿಸುವ ನೀರು 0.19 ಗ್ರಾಂ. 0.01ರ ತಕ್ಕಡಿ 0.19 ಎಂದು ತೋರಿಸಿದಾಗ ಅಸಲು ಅಂಕಿ 0.185ರಿಂದ 0.195ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅಂದರೆ ಸಾಂದ್ರತೆ 17.4ರಿಂದ 18.4. ಇಷ್ಟು ಅಗಲದ ಅಂತರ ಇಟ್ಟುಕೊಂಡು ಬಂಗಾರದ ಶುದ್ಧತೆಯ ಬಗ್ಗೆ ವಾದ ಮಾಡಲಾಗದು. ಹಿತ್ತಾಳೆಗೆ ಗಿಲೀಟು ಮಾಡಿದ್ದಾದರೆ ಮಾತ್ರ 0.40 ತೋರಿಸುತ್ತದೆ, ಆಗ ಯಾವ ಅಗ್ಗದ ತಕ್ಕಡಿಯಾದರೂ ಸಾಕು. ಕಿಲುಬು ತಿಂದು ತೂತುಬಿದ್ದ ತಾಮ್ರಕ್ಕೆ ಈ ಪರೀಕ್ಷೆ ಹಚ್ಚಬೇಡಿ. ಒಳಗಿನ ಗಾಳಿ ಅಂಕಿಯನ್ನು ಕೆಡಿಸುತ್ತದೆ.

ಬೆಳ್ಳಿಗೆ ಈ ಪರೀಕ್ಷೆ ಚೆನ್ನಾಗಿ ಒಗ್ಗುತ್ತದೆ. ನಿಜಾಮರ ಹಾಲಿ ಸಿಕ್ಕಾ ರೂಪಾಯಿ 11.18 ಗ್ರಾಂ, ಅದರಲ್ಲಿ ಬೆಳ್ಳಿ ನೂರಕ್ಕೆ 81.8, ಉಳಿದದ್ದು ತಾಮ್ರ. ಸಾಂದ್ರತೆ ಸುಮಾರು 10.2 ಬರಬೇಕು, ನೀರು 1.10 ಗ್ರಾಂ ಸರಿಯಬೇಕು. ನಿಕ್ಕಲ್ ಬೆರೆಸಿದ ತಾಮ್ರದ ನಕಲಿಯಾದರೆ 1.26 ಸರಿಯುತ್ತದೆ.

ಬಂಗಾರದಂಗಡಿಗಳಲ್ಲಿರುವ, ಯಾವ ಲೋಹ ಎಷ್ಟಿದೆ ಎಂದು ಹೇಳುವ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಇಟ್ಟರೆ ಇನ್ನೂ ಹೆಚ್ಚು ತಿಳಿಯುತ್ತದೆ, ಆದರೆ ಅದು ನೋಡುವುದು ಮೇಲ್ಮೈಯ ಕೂದಲೆಳೆಯಷ್ಟು ಆಳ ಮಾತ್ರ. ದಪ್ಪ ಗಿಲೀಟು ಅದನ್ನು ಮೋಸಗೊಳಿಸುತ್ತದೆ. ಚೀಟಿಯಲ್ಲಿ ಬಂಗಾರದ ಅಂಕಿಗಿಂತ ಉಳಿದ ಅಂಕಿಗಳನ್ನು ನೋಡಿ. ಕ್ಯಾಡ್ಮಿಯಮ್ ಕಾಣಿಸಿದರೆ ಅದು ಕ್ಯಾಡ್ಮಿಯಮ್ ಬೆಸುಗೆಯ ಕೆಡಿಎಂ ಕಾಲದ ಒಡವೆ ಕರಗಿಸಿ ಮಾಡಿದ್ದು. 99.9 ಬಂದರೆ ಇಂದಿನ ಬಿಸ್ಕತ್ತಿನ ಬಂಗಾರ. ಹಾಗಂತ ಲೋಹ ಸರಿ ಬಂದ ಮಾತ್ರಕ್ಕೆ ನಾಣ್ಯ ಸರಿ ಎಂದಲ್ಲ. ಹಣ ಎಂಬ ಹಳೇ ಸಣ್ಣ ಬಂಗಾರದ ನಾಣ್ಯಗಳನ್ನು ಕರಗಿಸಿ ಹೊಸ ಅಚ್ಚಿನಲ್ಲಿ ವರಹ ಹೊಡೆದರೆ ಎಲ್ಲ ಲೋಹ ಪರೀಕ್ಷೆಯೂ ಪಾಸು. ಅಕ್ಕಸಾಲಿಗರ ಒರೆಗಲ್ಲಿಗೆ ಮಾತ್ರ ಯಾವ ನಾಣ್ಯವನ್ನೂ ಕೊಡಬೇಡಿ. ಒರೆಗೆ ಹಚ್ಚಿದ ಜಾಗ ಮತ್ತೆ ಬರುವುದಿಲ್ಲ.

ಹೊಡೆದದ್ದೋ, ಎರಕ ಹೊಯ್ದದ್ದೋ

ಅಚ್ಚಿನ ನಡುವೆ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆದಾಗ ಲೋಹ ಅಂಚಿನ ಕಡೆ ಹರಿಯುತ್ತದೆ. ಹೀಗಾಗಿ ಅಸಲಿ ನಾಣ್ಯದ ಅಂಚಿನಲ್ಲಿ ಒಳಮುಖವಾಗಿ ಸಣ್ಣ ಬಿರುಕುಗಳಿರುತ್ತವೆ, ಅಕ್ಷರದ ಬುಡ ಚೂಪಾಗಿರುತ್ತದೆ. ಎರಕದಲ್ಲಿ ಅಕ್ಷರದ ಬುಡ ಸೋಪಿನ ಬಿಲ್ಲೆಯ ಅಕ್ಷರದಂತೆ ದುಂಡಗಾಗುತ್ತದೆ, ದುಂಡು ತಳದ ಸಣ್ಣ ಗುಳ್ಳೆಗುಂಡಿಗಳು ಬೀಳುತ್ತವೆ, ಅಂಚಿನಲ್ಲಿ ಎರಡು ಅಚ್ಚು ಸೇರಿದ ಗೆರೆಯನ್ನು ಅರದಿಂದ ತಿಕ್ಕಿದ ಗೀರು ಇರುತ್ತದೆ. ಲೋಹ ಆರುವಾಗ ಕುಗ್ಗುವುದರಿಂದ ಎರಕದ ನಕಲು ಅಸಲಿಗಿಂತ ನೂರಕ್ಕೆ ಒಂದೆರಡು ಭಾಗ ಚಿಕ್ಕದು. 30 ಮಿಲಿಮೀಟರಿನ ನಾಣ್ಯದಲ್ಲಿ ಅದು 0.3ರಿಂದ 0.6 ಮಿಲಿಮೀಟರ್. ಕ್ಯಾಲಿಪರಿಗೆ ಸಿಗುತ್ತದೆ.

ಸವೆತವನ್ನೂ ಓದಬೇಕು. ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಎತ್ತರದ ಭಾಗ ಸವೆದು ನುಣುಪಾಗಿರುತ್ತದೆ, ತಗ್ಗಿನಲ್ಲಿ ವಿವರ ಚೂಪಾಗೇ ಉಳಿದಿರುತ್ತದೆ. ಸವೆದ ನಾಣ್ಯವನ್ನೇ ಅಚ್ಚು ತೆಗೆದು ಎರಕ ಹೊಯ್ದರೆ ಎತ್ತರ ತಗ್ಗು ಎರಡೂ ಒಂದೇ ಸಮ ಮಸುಕು.

ಇನ್ನೊಂದು: ವಿಜಯನಗರದ ತಾಮ್ರದ ಕಾಸಿನಲ್ಲಿ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಬರಹದ ಒಂದು ಪಾಲು ಬಿಲ್ಲೆಯ ಆಚೆ ಹೋಗಿರುವುದೇ ಸಹಜ. ದುಂಡಗೆ, ನಟ್ಟನಡುವೆ, ಒಂದಕ್ಷರವೂ ತಪ್ಪದೆ ಮೂಡಿದ ಕಾಸು ಎದುರಿಗೆ ಬಂದರೆ ಸಂತೋಷಪಡುವ ಮೊದಲು ಅಂಚು ನೋಡಿ.

ಉಬ್ಬಿದ್ದು ಅಚ್ಚಿನದು, ತಗ್ಗಿದ್ದು ನಾಣ್ಯದ್ದು

ಹೊಸ ಬಗೆ ಎಂಬ ವಾದದ ತಿರುಳು ಇಲ್ಲಿದೆ, ಇಲ್ಲಿ ನಿಧಾನಿಸಬೇಕು. ಅಚ್ಚಿಗೆ ಗಾಯವಾದರೆ ಅಲ್ಲಿ ಗುಂಡಿ ಬೀಳುತ್ತದೆ, ಆ ಗುಂಡಿಗೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬು ಏಳುತ್ತದೆ. ನಾಣ್ಯಕ್ಕೇ ಗಾಯವಾದರೆ ನಾಣ್ಯದಲ್ಲಿ ತಗ್ಗು. ಆನೆಯ ಸೊಂಡಿಲಿನ ಮುಂದೆ ಹೆಚ್ಚುವರಿ ಚುಕ್ಕೆ ಇದೆ ಎಂದು ಯಾರಾದರೂ ಹೇಳಿದರೆ, ಪಕ್ಕದಿಂದ ಬೆಳಕು ಬಿಟ್ಟು ಅದು ಉಬ್ಬೋ ತಗ್ಗೋ ಎಂದು ಮೊದಲು ನೋಡಿ. ತಗ್ಗಾದರೆ ಅಲ್ಲಿಗೆ ಮಾತು ಮುಗಿಯಿತು.

ಉಬ್ಬಾದರೂ ಅದು ಅಚ್ಚು ಕೆತ್ತಿದವರು ಬೇಕೆಂದೇ ಇಟ್ಟ ಗುರುತೋ, ಅಚ್ಚು ಒಡೆದು ಬಂದ ಕಲೆಯೋ ಎಂಬ ಪ್ರಶ್ನೆ ಉಳಿಯುತ್ತದೆ. ಕೆತ್ತಿದ ಚುಕ್ಕೆಗೆ ದುಂಡು ಆಕಾರ, ಸಮ ಎತ್ತರ, ಉಳಿದ ಚುಕ್ಕೆಗಳಂಥದೇ ಮೈ. ಒಡಕಿನ ಉಬ್ಬು ಅಡ್ಡಾದಿಡ್ಡಿ, ಸಾಮಾನ್ಯವಾಗಿ ಒಂದು ಅಕ್ಷರದಿಂದ ಇನ್ನೊಂದಕ್ಕೆ ಅಥವಾ ಅಂಚಿಗೆ ಗೆರೆಯಾಗಿ ಓಡುತ್ತದೆ. ಹೆಚ್ಚು ಹೊಡೆತ ಬಿದ್ದಂತೆ ಅದು ಬೆಳೆಯುತ್ತದೆ ಕೂಡ. ಒಂದೇ ಅಚ್ಚಿನ ಎರಡು ನಾಣ್ಯ ಸಿಕ್ಕರೆ ಒಂದರಲ್ಲಿ ಒಡಕು ಸಣ್ಣದು, ಇನ್ನೊಂದರಲ್ಲಿ ದೊಡ್ಡದು ಇರಬಹುದು. ಯಾವುದು ಮೊದಲು ಹೊಡೆದದ್ದು ಎಂದು ಅದರಿಂದಲೇ ಗೊತ್ತಾಗುತ್ತದೆ.

ಏನೋ ಹೆಚ್ಚಿದೆ ಎಂಬ ವಾದಕ್ಕಿಂತ ಏನೋ ಇಲ್ಲ ಎಂಬ ವಾದ ದುರ್ಬಲ. ಚಂದ್ರ ಇಲ್ಲದ ಆನೆ, ಚುಕ್ಕೆ ಇಲ್ಲದ ಅಕ್ಷರ, ಇವಕ್ಕೆ ಹೊಡೆತ ಸಾಲದೆ ಹೋದದ್ದು, ಅಚ್ಚಿನಲ್ಲಿ ಎಣ್ಣೆ ಕೊಳೆ ತುಂಬಿದ್ದು, ಸವೆತ ಎಂಬ ಮೂರು ಸಾದಾ ಕಾರಣಗಳಿವೆ. ಇಲ್ಲದ ಗುರುತಿನ ಮೇಲೆ ಬಗೆ ಕಟ್ಟಬೇಕಾದರೆ ಆ ಜಾಗದ ಸುತ್ತಲಿನ ಸಣ್ಣ ವಿವರಗಳು ಚೂಪಾಗಿ ಮೂಡಿರಬೇಕು, ಮತ್ತು ಬೇರೆ ಬಿಲ್ಲೆಯ ಮೇಲೆ ಅದೇ ಅಚ್ಚಿನ ಇನ್ನೊಂದು ನಾಣ್ಯ ಬೇಕು.

ಆ ಇನ್ನೊಂದು ನಾಣ್ಯವೇ ಕೆಲವೊಮ್ಮೆ ಕಥೆಯನ್ನು ತಿರುಗಿಸಿಬಿಡುತ್ತದೆ. ಎರಡು ಬಾಲಕೃಷ್ಣ ವರಹಗಳನ್ನು ಪಕ್ಕಪಕ್ಕ ಇಟ್ಟಿದ್ದೀರಿ ಎಂದುಕೊಳ್ಳಿ. ಕೂತ ಮಗುವಿನ ಕೈಯ ಬೆಣ್ಣೆಮುದ್ದೆ, ಶಂಖ, ಚಕ್ರ ಎಲ್ಲ ಒಂದೇ. ಅದು ಒಂದೇ ಅಚ್ಚು ಇರಬಹುದು, ತಪ್ಪಿಲ್ಲ. ಆದರೆ ಎರಡರಲ್ಲೂ ಚಿತ್ರ ಎಡಕ್ಕೆ ಅಷ್ಟೇ ಸರಿದಿದೆ, ಎರಡರ ಅಂಚಿನಲ್ಲೂ ಗಡಿಯಾರದ 4 ಗಂಟೆಯ ಜಾಗದಲ್ಲಿ ಅದೇ ಬಿರುಕು, ಹಿಂಬದಿಯ ಬರಹದ ಮೇಲೆ ಅದೇ ಗೀರು. ಅಲ್ಲಿಗೆ ಕನಿಷ್ಠ ಒಂದು ನಕಲಿ, ಬಹುಶಃ ಎರಡೂ. ಒಂದೇ ಅಚ್ಚು ಸಾವಿರ ನಾಣ್ಯ ಹೊಡೆಯಬಹುದು, ಆದರೆ ಎರಡು ಬಿಲ್ಲೆಗಳು ಒಂದೇ ಕಡೆ ಬಿರಿಯುವುದಿಲ್ಲ, ಒಂದೇ ಕಡೆ ಗೀಚಿಸಿಕೊಳ್ಳುವುದಿಲ್ಲ. ಅಚ್ಚಿನ ಗುರುತು ಹೊಂದಿದರೆ ನಾಣ್ಯಗಳು ನೆಂಟರು. ಬಿಲ್ಲೆಯ ಗುರುತೂ ಹೊಂದಿದರೆ ಒಂದು ಇನ್ನೊಂದರ ನಕಲು.

ಹೋಲಿಸಲು ಫೋಟೋ ಸರಿಯಿರಬೇಕು. ಸುಮಾರು 12 ಸೆಂಟಿಮೀಟರ್ ಎತ್ತರದ ಎರಡು ಸ್ಟೀಲ್ ಲೋಟಗಳ ಮೇಲೆ ಫೋನನ್ನು ಅಡ್ಡವಾಗಿ ಇಡಿ, ಕೆಳಗೆ ಬೂದು ಕಾಗದದ ಮೇಲೆ ನಾಣ್ಯ, ಪಕ್ಕದಲ್ಲಿ ಅಳತೆಪಟ್ಟಿ. ಫ್ಲ್ಯಾಷ್ ಬೇಡ. ಒಂದೇ ದೀಪ, ಗಡಿಯಾರದ 10 ಗಂಟೆಯ ಕಡೆಯಿಂದ, ಮೇಜಿಗೆ 15ರಿಂದ 20 ಡಿಗ್ರಿಯಷ್ಟೇ ಎತ್ತರದಲ್ಲಿ. ಎರಡೂ ನಾಣ್ಯಕ್ಕೆ ಅದೇ ದೀಪ, ಅದೇ ಜಾಗ. ಬೆಳಕು ಬೇರೆ ಕಡೆಯಿಂದ ಬಂದರೆ ಒಂದೇ ಅಚ್ಚಿನ ಎರಡು ನಾಣ್ಯ ಬೇರೆ ಬೇರೆಯಾಗಿ ಕಾಣುತ್ತವೆ, ಎಷ್ಟೋ ಸುಳ್ಳು ಬಗೆಗಳು ಹುಟ್ಟಿದ್ದು ಹೀಗೇ. ಆಮೇಲೆ ಯಾವುದಾದರೂ ಫೋಟೋ ಆ್ಯಪಿನಲ್ಲಿ ಒಂದರ ಮೇಲೊಂದು ಇಟ್ಟು ಮೇಲಿನದನ್ನು ಅರ್ಧ ಪಾರದರ್ಶಕ ಮಾಡಿ, ಎರಡು ಅಕ್ಷರಗಳ ತುದಿ ಹೊಂದಿಸಿ. ಉಳಿದ ಅಕ್ಷರಗಳೂ ತಾವಾಗಿ ಕೂತರೆ ಅಚ್ಚು ಒಂದೇ.

ತಪ್ಪು ಹೊಡೆತದ ನಾಣ್ಯಗಳ ಬಗ್ಗೆ ಒಂದು ಮಾತು. ಮೊದಲು ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಯ ಮೇಲೆ ತಗ್ಗಿನ ತಿರುಗುಮುರುಗು ಚಿತ್ರ ಬೀಳುವುದುಂಟು. ಅದು ನಿಜವಾದ ಟಂಕಸಾಲೆ ತಪ್ಪು. ಇದನ್ನೇ ಬೆಂಚ್ ವೈಸಿನಲ್ಲಿ ಎರಡು ನಾಣ್ಯ ಹಿಚುಕಿ ಮಾಡುತ್ತಾರೆ. ಹಿಂದಿನ ಮುಖ ನೋಡಿದರೆ ಗೊತ್ತಾಗುತ್ತದೆ: ನಿಜವಾದ ತಪ್ಪಿನಲ್ಲಿ ಇನ್ನೊಂದು ಮುಖ ಗಟ್ಟಿಯಾಗಿ ಮೂಡಿರುತ್ತದೆ, ವೈಸಿನದರಲ್ಲಿ ಚಪ್ಪಟೆಯಾಗಿರುತ್ತದೆ.

ಬರಹ ಹೇಳುವುದಷ್ಟು, ನಾವು ಸೇರಿಸುವುದಷ್ಟು

ಅಸಲಿ ಎಂದು ತೀರ್ಮಾನವಾದ ಮೇಲೆ ಯಾರದು ಎಂಬ ವಾದ ಬರುತ್ತದೆ. ಇಲ್ಲಿ ಬರಹ ಎಷ್ಟು ಹೇಳುತ್ತದೋ ಅಷ್ಟಕ್ಕೇ ನಿಲ್ಲುವುದು ಕಷ್ಟದ ಅಭ್ಯಾಸ. "ಶ್ರೀ ಪ್ರತಾಪ ದೇವರಾಯ" ಎಂದು ನಾಗರಿಯಲ್ಲಿ ಇದೆ ಎನ್ನಿ. ಮೊದಲ ದೇವರಾಯ 1406ರಿಂದ 1422ರವರೆಗೆ ಆಳಿದ, ಎರಡನೆಯವನು 1424ರಿಂದ 1446ರವರೆಗೆ. ಬರಹ ಮೊದಲನೆಯವನೋ ಎರಡನೆಯವನೋ ಹೇಳುವುದಿಲ್ಲ. ಎರಡನೆಯವನ ಆನೆ ಬೇಟೆಯ ಬಿರುದಿಗೆ ಹೊಂದುವ "ರಾಯ ಗಜಗಂಡಭೇರುಂಡ" ಎಂಬ ಬರಹದ ತಾಮ್ರದ ಕಾಸುಗಳಿವೆ. ಆ ಬರಹ ಇಲ್ಲದ ನಾಣ್ಯದ ಚೀಟಿಯ ಮೇಲೆ "ದೇವರಾಯ, 15ನೇ ಶತಮಾನದ ಪೂರ್ವಾರ್ಧ" ಎಂದು ಬರೆದರೆ ಸಾಕು, ಅದು ಸೋಲಲ್ಲ.

ಸದಾಶಿವನದೂ ಇಂಥದೇ ತೊಡಕು. ವಿಜಯನಗರದ ಸದಾಶಿವರಾಯನ ವರಹದಲ್ಲಿ "ಶ್ರೀ ಪ್ರತಾಪ ಸದಾಶಿವರಾಯ". ಶಿವ ಪಾರ್ವತಿ ಇರುವ, ಕೆಳದಿ ನಾಯಕರ ಇಕ್ಕೇರಿ ವರಹದಲ್ಲಿ "ಶ್ರೀ ಸದಾಶಿವ". ಅಂಚಿನಲ್ಲಿ ಬರಹ ಕತ್ತರಿಸಿದ್ದರೆ "ಪ್ರತಾಪ" ಇತ್ತೋ ಇಲ್ಲವೋ ಎಂಬುದರ ಮೇಲೇ ಬೆಲೆ ನಿಂತಿರುತ್ತದೆ. ಮಾರುವವರು ಇತ್ತು ಅನ್ನುತ್ತಾರೆ. ಉಳಿದ ಸಾಲುಗಳ ಎತ್ತರ ಅಳೆದು ಮೇಲೆ ಇನ್ನೊಂದು ಸಾಲಿಗೆ ಜಾಗ ಇತ್ತೇ ಎಂದು ಕಾಗದದ ಮೇಲೆ ಪೂರ್ತಿ ವೃತ್ತ ಎಳೆದು ನೋಡಿ. ಅದೇ ಶಿವ ಪಾರ್ವತಿಯನ್ನು ಹೈದರ್ ಅಲಿಯೂ ತನ್ನ ಬಹಾದುರಿ ವರಹದಲ್ಲಿ ಉಳಿಸಿಕೊಂಡ, ಹಿಂದೆ ಮಾತ್ರ ಚುಕ್ಕೆಗಳ ನಡುವೆ ಪರ್ಷಿಯನ್ ಅಕ್ಷರ ಇಟ್ಟ. ಹಾಗಾಗಿ ಮುಂಬದಿಯ ದೇವರನ್ನು ನೋಡಿ ರಾಜನನ್ನು ಹೇಳಬೇಡಿ.

ಬಾಲಕೃಷ್ಣನ ಕಥೆ ಎಲ್ಲರಿಗೂ ಗೊತ್ತು. ಕೃಷ್ಣದೇವರಾಯ ಉದಯಗಿರಿಯನ್ನು ಗೆದ್ದು ಅಲ್ಲಿಂದ ತಂದ ಬಾಲಕೃಷ್ಣನನ್ನು 1515ರಲ್ಲಿ ಹಂಪಿಯ ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠಾಪಿಸಿದ. ನಾಣ್ಯದ ಮಗು ಆ ವಿಗ್ರಹವೇ ಎಂದು ಹೇಳುವುದು ಹಿತವಾಗಿದೆ, ಸಾಧ್ಯವೂ ಇದೆ. ಆದರೆ ನಾಣ್ಯದ ಮೇಲೆ ಇಸವಿ ಇಲ್ಲ. ಹಳೆಯ ಪಟ್ಟಿಗಳಲ್ಲಿ ಇದೇ ಆಕೃತಿಯನ್ನು ದುರ್ಗೆ ಎಂದು ಓದಿ ದುರ್ಗಿ ವರಹ ಎಂದೂ ಕರೆದಿದ್ದಾರೆ. ಒಂದು ನಾಣ್ಯವನ್ನು "1515ರ ವಿಜಯದ ನಾಣ್ಯ" ಎಂದು ಯಾರಾದರೂ ಮಾರಲು ಬಂದರೆ, ನಾಣ್ಯಕ್ಕೆ ಕೊಡಿ, ಕಥೆಗೆ ಹಣ ಕೊಡಬೇಡಿ.

ಟಿಪ್ಪುವಿನ ಪೈಸೆಯಲ್ಲಿ ಇಸವಿಯೇ ಜಗಳಕ್ಕೆ ಮೂಲ. 1787ರಿಂದ ಆತ ಮೌಲೂದಿ ಎಂಬ ಬೇರೆ ಸಂವತ್ಸರ ಬಳಸಿದ, ಆ ವರ್ಷವನ್ನೇ 1215 ಎಂದು ಎಣಿಸಿದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಎಡದಿಂದ ಓದಿದವರಿಗೆ 8121 ಎಂದು ಕಂಡು ಅಚ್ಚಿನ ತಪ್ಪು ಎನ್ನಿಸುತ್ತದೆ. ಅದು ತಪ್ಪಲ್ಲ, 1218, ಅಂದರೆ 1790ರ ಆಸುಪಾಸು. ಟಂಕಸಾಲೆಯ ಹೆಸರುಗಳೂ ಆತ ಇಟ್ಟ ಹೊಸ ಹೆಸರುಗಳು: ಫೈಜ್ ಹಿಸಾರ್ ಎಂದರೆ ನಮ್ಮ ನೆರೆಯ ಗುತ್ತಿ. ಮೊಘಲರದೂ ಅದೇ ರೂಢಿ, ಆದೋನಿ ಅವರ ನಾಣ್ಯದಲ್ಲಿ ಇಮ್ತಿಯಾಜ್‌ಗಢ. ಈ ಹೆಸರು ಗೊತ್ತಿಲ್ಲದೆ "ಗೊತ್ತಿಲ್ಲದ ಟಂಕಸಾಲೆ" ಎಂದು ಘೋಷಿಸಬೇಡಿ. ಇನ್ನು ಆನೆ ಇದ್ದದ್ದೆಲ್ಲ ಟಿಪ್ಪುವಿನದಲ್ಲ. ಕನ್ನಡದಲ್ಲಿ "ಮಯಿಲಿ ಕಾಸು" ಎಂದಿದ್ದರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರದು.

ಎಲ್ಲಿ ಸಿಕ್ಕಿತು ಎಂಬುದು ಎಲ್ಲಿ ಹುಟ್ಟಿತು ಎಂದಲ್ಲ

ನಾಣ್ಯ ಇರುವುದೇ ಓಡಾಡಲಿಕ್ಕೆ. ಹಂಪಿಯಲ್ಲಿ ಸಿಕ್ಕಿದ್ದು ಹಂಪಿಯಲ್ಲಿ ಟಂಕಿಸಿದ್ದೆಂದು ಹೇಳಲು ಬರುವುದಿಲ್ಲ. ಸಿಕ್ಕ ಜಾಗ ಹೇಳುವುದು ಆ ನಾಣ್ಯ ಎಲ್ಲಿ ಚಲಾವಣೆಯಲ್ಲಿತ್ತು ಎಂಬುದನ್ನು, ಅದೂ ಜಾಗದ ಮಾತು ನಿಜವಾಗಿದ್ದರೆ. ಒಂದು ನಾಣ್ಯಕ್ಕಿಂತ ಒಂದೇ ಕಡೆ ಸಿಕ್ಕ ಇಪ್ಪತ್ತು ನಾಣ್ಯದ ಗಂಟು ಹೆಚ್ಚು ಹೇಳುತ್ತದೆ, ಅದಕ್ಕೇ ಗಂಟನ್ನು ಒಡೆದು ಬಿಡಿಬಿಡಿಯಾಗಿ ಹಂಚುವುದು ದೊಡ್ಡ ನಷ್ಟ.

ಮದ್ರಾಸಿನ 1808ರ 10 ಕಾಸು ಒಳ್ಳೆಯ ಉದಾಹರಣೆ. ಇದು ಇಂಗ್ಲೆಂಡಿನ ಸೋಹೋ ಟಂಕಸಾಲೆಯಲ್ಲಿ ಯಂತ್ರದಿಂದ ಹೊಡೆದದ್ದು, 4.66 ಗ್ರಾಂ. ಈ ನಾಣ್ಯಗಳನ್ನು ಹೊತ್ತ ಅಡ್ಮಿರಲ್ ಗಾರ್ಡ್ನರ್ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದಲ್ಲೇ ಮುಳುಗಿತು. 1980ರ ದಶಕದಲ್ಲಿ ಅದರಿಂದ ತೆಗೆದ ರಾಶಿ ರಾಶಿ ನಾಣ್ಯ ಮಾರುಕಟ್ಟೆಗೆ ಬಂದವು. ಸವೆತವೇ ಇಲ್ಲದ 1808ರ 10 ಕಾಸನ್ನು ತೋರಿಸಿ "ಬಳ್ಳಾರಿ ಕೋಟೆಯ ಬಳಿ ಸಿಕ್ಕಿತು" ಎಂದರೆ ನೆನಪಿರಲಿ, ಅಂಥವು ಹೆಚ್ಚಾಗಿ ಬಂದದ್ದು ಸಮುದ್ರದ ತಳದಿಂದ. ನಮ್ಮ ಸಂತೆಗಳಲ್ಲಿ ದುಡಿದ ಕಾಸು ಸವೆದಿರುತ್ತದೆ.

ಚಾರ್‌ಮಿನಾರ್ ಬಾಗಿಲಿನ ಐನ್

ರಾಯಚೂರು, ಕೊಪ್ಪಳದಲ್ಲಿ ಯಾರ ಮನೆಯಲ್ಲಾದರೂ ಸಿಗಬಹುದಾದ ನಿಜವಾದ ಬಗೆಯೊಂದನ್ನು ಹತ್ತಿರದಿಂದ ನೋಡಿದರೆ ಮೇಲಿನದೆಲ್ಲ ಕೈಗೆ ಹತ್ತುತ್ತದೆ. ಚಾರ್‌ಮಿನಾರ್ ಚಿತ್ರದ ನಡುವಿನ ಕಮಾನಿನೊಳಗೆ ಪರ್ಷಿಯನ್ ಲಿಪಿಯ ಒಂದು ಅಕ್ಷರ ಇರುತ್ತದೆ. ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ ಮೀಮ್, ಮುಂದಿನ ನಿಜಾಮ, ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಐನ್. ಉಸ್ಮಾನ್ ಅಲಿ ಖಾನರ ಮೊದಮೊದಲ ನಾಣ್ಯದಲ್ಲಿ, ಹಿಜರಿ 1329 ಮತ್ತು 1330ರಲ್ಲಿ, ಅರ್ಧ ಐನ್ ಇದೆ. ಮುಂದೆ ಪೂರ್ಣ ಐನ್. ಅರ್ಧ ಐನ್ ಕಡಿಮೆ ಸಿಗುತ್ತದೆ.

ಈಗ ಯಾರೋ ಹಿಜರಿ 1335ರ ಅರ್ಧ ಐನ್ ತಂದರೆಂದುಕೊಳ್ಳಿ. ಮೊದಲು ಅಂಕಿ. ಇಲ್ಲಿ ಚುಕ್ಕೆ ಎಂದರೆ ಸೊನ್ನೆ, ಸಣ್ಣ ಬಳೆ ಎಂದರೆ 5. ಸವೆದ ಬಳೆ ಚುಕ್ಕೆಯಂತೆ, ಉಬ್ಬಿದ ಚುಕ್ಕೆ ಬಳೆಯಂತೆ ಕಾಣುತ್ತದೆ, ಹೀಗೆ 1330 ಮತ್ತು 1335 ಅದಲುಬದಲಾಗುತ್ತವೆ. ಬಿಡಿಸುವುದು ಹಿಂಬದಿ. ಅಲ್ಲಿ ಆಳ್ವಿಕೆಯ ವರ್ಷ ಇದೆ. ಅವರು ಪಟ್ಟಕ್ಕೆ ಬಂದದ್ದು 1911ರ ಆಗಸ್ಟಿನಲ್ಲಿ, ಹಿಜರಿ 1329ರಲ್ಲಿ, ಹಾಗಾಗಿ 1330ಕ್ಕೆ ಆಳ್ವಿಕೆಯ ವರ್ಷ 1 ಅಥವಾ 2 ಹೊಂದುತ್ತದೆ, 1335ಕ್ಕೆ 6 ಅಥವಾ 7. ಮುಂದೆ 1335, ಹಿಂದೆ 1 ಎಂದಿದ್ದರೆ ಅಂಕಿಯನ್ನು ತಪ್ಪಾಗಿ ಓದಿದ್ದೀರಿ, ಇಲ್ಲವೇ ಯಾರೋ ತಿದ್ದಿದ್ದಾರೆ. ಎರಡೂ ಕಡೆ ಹೊಂದಿ 1335 ಎಂದೇ ಆದರೆ ಐನ್ ಕತ್ತರಿಸಿದ ಜಾಗ ನೋಡಿ: ಸುತ್ತಲಿನ ಕಮಾನಿನ ಗೆರೆಯೂ ಮಸುಕಾಗಿದ್ದರೆ ಸವೆತ, ಕಮಾನು ಚೂಪಾಗಿದ್ದು ಐನ್ ಮಾತ್ರ ತುಂಡಾಗಿದ್ದರೆ ಆಗ ಕೂತು ಮಾತಾಡಬಹುದು. 92 ಎಂಬ ಅಂಕಿ ಕಂಡು ಇಸವಿ ಅಂದುಕೊಳ್ಳಬೇಡಿ. ಅಕ್ಷರಕ್ಕೆ ಅಂಕಿ ಕೊಡುವ ಅಬ್ಜದ್ ಲೆಕ್ಕದಲ್ಲಿ ಅದು ಮುಹಮ್ಮದ್ ಎಂಬ ಹೆಸರು. ಈ ನಾಣ್ಯಗಳಲ್ಲೆಲ್ಲ ಇರುತ್ತದೆ.

ವಾದವೇ ಬೇಡದ ನಾಣ್ಯಗಳು

1818ರ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಜೊತೆಗೆ ಹನುಮಂತ ಅಥವಾ ರಾಮನ ಪಟ್ಟಾಭಿಷೇಕ. ಇಂಥ ನಾಣ್ಯವನ್ನು ಕಂಪನಿ ಎಂದೂ ಹೊಡೆಸಿಲ್ಲ, ಇವು ಆಮೇಲೆ ಮಾಡಿದ ಬಿಲ್ಲೆಗಳು. ಇಡೀ ಕಂಪನಿ ಸೀಮೆಗೆ ಒಂದೇ ರೀತಿಯ ರೂಪಾಯಿ ಬಂದದ್ದೇ 1835ರಲ್ಲಿ, ಅದರ ಮೇಲಿದ್ದದ್ದು ನಾಲ್ಕನೇ ವಿಲಿಯಂನ ಮುಖ. ಇವೇ ಬಿಲ್ಲೆಗಳನ್ನು ಅಕ್ಕಿ ಎಳೆಯುವ ನಾಣ್ಯ, ಇರಿಡಿಯಮ್ ನಾಣ್ಯ ಎಂದು ಹೇಳಿ ಲಕ್ಷಗಟ್ಟಲೆ ಕಿತ್ತುಕೊಳ್ಳುತ್ತಾರೆ. ಅಕ್ಕಿಯನ್ನು ಎಳೆಯುವ ಲೋಹ ಇಲ್ಲ. ಪರೀಕ್ಷೆ ಮಾಡಿಸುವ ಖರ್ಚಿಗೆ ಎಂದು ಮುಂಗಡ ಕೇಳಿದರೆ ಪೊಲೀಸರಿಗೆ ಹೇಳಿ.

ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗಿನ ಚುಕ್ಕೆ ನೋಯ್ಡಾ, ನಕ್ಷತ್ರ ಹೈದರಾಬಾದ್, ವಜ್ರ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಏನೂ ಇಲ್ಲದಿರುವುದು ಅಪರೂಪವಲ್ಲ.

ವಾದವನ್ನು ಕಾಗದಕ್ಕೆ ಇಳಿಸುವುದು

ಮಾತಿಗೆ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ತೂಕ, ಅತಿ ಹೆಚ್ಚು ಮತ್ತು ಅತಿ ಕಡಿಮೆ ವ್ಯಾಸ, ದಪ್ಪ. ಮುಂಬದಿ ನೆಟ್ಟಗೆ ಹಿಡಿದು ಪಕ್ಕಕ್ಕೆ ತಿರುಗಿಸಿದಾಗ ಹಿಂಬದಿಯ ತಲೆ ಗಡಿಯಾರದ ಎಷ್ಟು ಗಂಟೆಗೆ ನಿಲ್ಲುತ್ತದೆ. ಎರಡು ಮುಖದ ಫೋಟೋ, ಅಂಚಿನ ನಾಲ್ಕು ಫೋಟೋ. ಬರಹದಲ್ಲಿ ಕಣ್ಣಿಗೆ ಕಂಡ ಅಕ್ಷರ ಮಾತ್ರ, ಊಹಿಸಿದ್ದನ್ನು ಬೇರೆ ಸಾಲಿನಲ್ಲಿ. ಯಾರಿಂದ ಬಂತು, ಅವರಿಗೆ ಹೇಗೆ ಗೊತ್ತು.

ಆಮೇಲೆ ಹೇಳಿಕೆಯನ್ನು ಬಿಡಿಸಿ ಬರೆಯಿರಿ: ಲೋಹ, ಮಾಡಿದ ರೀತಿ, ರಾಜ, ಟಂಕಸಾಲೆ, ಬಗೆ, ಎಷ್ಟು ಅಪರೂಪ. ಆರೂ ಬೇರೆ ಬೇರೆ ಮಾತು, ಒಂದು ನಿಂತರೆ ಇನ್ನೊಂದು ತಾನಾಗಿ ನಿಲ್ಲುವುದಿಲ್ಲ. ಲೋಹ ಬಂಗಾರ ಎಂದು ಸಾಬೀತಾದ ಖುಷಿಯಲ್ಲಿ ಉಳಿದ ಐದನ್ನೂ ಒಪ್ಪಿಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಪ್ರತಿ ಮಾತಿನ ಮುಂದೆ, ಏನು ಕಂಡರೆ ಇದನ್ನು ಕೈಬಿಡುತ್ತೀರಿ ಎಂದು ಇಬ್ಬರೂ ಮೊದಲೇ ಬರೆದಿಡಿ. ಹೋಲಿಸಲು ಅಸಲಿ ನಾಣ್ಯ ಬೇಕಾದರೆ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ವಿಜಯನಗರದ ನಾಣ್ಯಗಳಿವೆ. ಗಾಜಿನಾಚೆಯಿಂದಾದರೂ ಅರ್ಧ ಗಂಟೆ ನಿಂತು ಬಿಲ್ಲೆಯ ಅಂಚು, ಅಕ್ಷರದ ಬುಡ ನೋಡಿ ಬನ್ನಿ. ಕಣ್ಣು ಪಳಗಬೇಕು.

ಕಾಯ್ದೆಯೂ ಗೊತ್ತಿರಲಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅಗೆಯುವುದು ಅಪರಾಧ. ಎಲ್ಲಿಂದ ಬಂತು ಎಂದು ಹೇಳಲು ಹಿಂಜರಿಯುವ ನಾಣ್ಯದ ಬಗ್ಗೆ ವಾದಕ್ಕೂ ಕೂರಬೇಡಿ.

ವಾದ ಮುಗಿಯುವವರೆಗೆ ನಾಣ್ಯ ಉಳಿಯಬೇಕಲ್ಲ. ಮೆತ್ತನೆಯ ಪಿವಿಸಿ ಕವರಿನಲ್ಲಿ ಇಡಬೇಡಿ, ಅದರಿಂದ ಹೊರಡುವ ಆಮ್ಲ ತಾಮ್ರಕ್ಕೆ ಅಂಟು ಹಸಿರು ತರುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ ಅಥವಾ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಕಾಲುವೆ ಕೊನೆಯ ಜೌಗು, ಸವಳು ಭೂಮಿಯಲ್ಲಿ ಸಿಕ್ಕ ತಾಮ್ರಕ್ಕೆ ಉಪ್ಪು ಒಳಗಿಳಿದಿರುತ್ತದೆ, ಮಳೆಗಾಲದ ತೇವ ತಾಗಿದ ಕೂಡಲೇ ತಿಳಿ ಹಸಿರು ಪುಡಿ ಮತ್ತೆ ಮತ್ತೆ ಏಳುತ್ತದೆ. ಅಂಥದ್ದು ಕಂಡ ದಿನವೇ ಆ ನಾಣ್ಯವನ್ನು ಉಳಿದವುಗಳಿಂದ ತೆಗೆದು ಬೇರೆ ಒಣ ಡಬ್ಬಿಗೆ ಹಾಕಿ.